ಕಾರ್ಡ್ ಉಜ್ಜಿದ್ದೆಲ್ಲ ಖರ್ಚಲ್ಲ: ಸ್ವಂತ ಉದ್ಯೋಗ ಮಾಡುವವರು ಕ್ರೆಡಿಟ್ ಕಾರ್ಡ್ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯುವ ಬಗೆ

ಡೊಂಬಿವಲಿಯಲ್ಲಿ ನನ್ನ ಮನೆ. ಕೆಲಸ ಮಾತ್ರ ಠಾಣೆ, ಮುಲುಂಡ್, ಮಾಟುಂಗಾ, ಹೀಗೆ ಕರೆದ ಕಡೆ. ಇಂಟೀರಿಯರ್ ಡಿಸೈನ್ ನನ್ನ ಸ್ವಂತ ಉದ್ಯೋಗ. ಜುಲೈ ಬಂತು ಅಂದರೆ ಇಲ್ಲಿನ ನಮ್ಮ ಕನ್ನಡದ ಬಳಗದಲ್ಲಿ ಒಂದೇ ಪ್ರಶ್ನೆ ಸುತ್ತುತ್ತದೆ: "ಅಕ್ಕಾ, ವರ್ಷವಿಡೀ ಕಾರ್ಡಿನಲ್ಲೇ ಖರ್ಚು ಮಾಡಿದ್ದೇನೆ. ಸ್ಟೇಟ್‌ಮೆಂಟ್ ಸಿಎ ಕೈಗೆ ಕೊಟ್ಟರೆ ಸಾಕಲ್ವಾ?" ಕೇಳುವವರಲ್ಲಿ ಅಂಧೇರಿಯಲ್ಲಿ ಸಿನಿಮಾ ಎಡಿಟಿಂಗ್ ಮಾಡುವವರಿದ್ದಾರೆ, ಮನೆಯಿಂದಲೇ ಕೇಟರಿಂಗ್ ನಡೆಸುವವರಿದ್ದಾರೆ, ಪುಣೆಯ ಕಂಪನಿಗಳಿಗೆ ಸಾಫ್ಟ್‌ವೇರ್ ಸಲಹೆ ಕೊಡುವವರಿದ್ದಾರೆ.

ಸಾಕಾಗುವುದಿಲ್ಲ. ದುಡ್ಡು ಎಲ್ಲಿಗೆ ಹೋಯಿತು ಅಂತ ಸ್ಟೇಟ್‌ಮೆಂಟ್ ಹೇಳುತ್ತದೆ. ಯಾಕೆ ಹೋಯಿತು ಅಂತ ಹೇಳುವುದಿಲ್ಲ. ತೆರಿಗೆ ಅಧಿಕಾರಿ ಕೇಳುವುದು ಆ "ಯಾಕೆ"ಯನ್ನೇ. ಅದಕ್ಕೆ ಉತ್ತರ ಬಿಲ್ಲಿನಲ್ಲಿ, ಬಿಲ್ಲಿನ ಪಕ್ಕದಲ್ಲಿ ನೀವು ಬರೆದ ಒಂದು ಸಾಲಿನಲ್ಲಿ ಇರುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ, ಸೆಕ್ಷನ್ ನಂಬರುಗಳು ಬದಲಾಗಿವೆ. ಆದರೆ 2025–26ರ ಆದಾಯದ ರಿಟರ್ನ್ ಹಾಕುವುದು 1961ರ ಕಾಯ್ದೆಯ ಪ್ರಕಾರವೇ. ಸಿಎಗಳ ಬಾಯಲ್ಲೂ ಹಳೆ ನಂಬರುಗಳೇ ಇವೆ. ಹಾಗಾಗಿ ನಾನೂ ಅವನ್ನೇ ಬಳಸುತ್ತೇನೆ. ಲೆಕ್ಕಗಳೆಲ್ಲ 2025–26ರವು.

ಮೊದಲು ನೋಡಿ: ನಿಮಗೆ ಈ ಲೆಕ್ಕ ಬೇಕೇ?

ಇದನ್ನು ನೋಡದೆಯೇ ತುಂಬಾ ಜನ ಬಿಲ್ಲು ಹುಡುಕಲು ಕೂರುತ್ತಾರೆ. ವೈದ್ಯರು, ವಕೀಲರು, ಎಂಜಿನಿಯರ್, ಆರ್ಕಿಟೆಕ್ಟ್, ಸಿಎ, ತಾಂತ್ರಿಕ ಸಲಹೆಗಾರರು, ನನ್ನಂಥ ಇಂಟೀರಿಯರ್ ಕೆಲಸದವರು, ಸಿನಿಮಾ ಎಡಿಟರ್, ಕ್ಯಾಮೆರಾಮನ್, ಗಾಯಕರು, ಇಂಥವರಿಗೆ 44ಎಡಿಎ ಅನ್ನುವ ಸುಲಭದ ದಾರಿ ಇದೆ. ವರ್ಷದ ಗಳಿಕೆ 50 ಲಕ್ಷದೊಳಗಿರಬೇಕು. ನಗದಾಗಿ ಬಂದದ್ದು ಶೇ. 5 ಮೀರದಿದ್ದರೆ 75 ಲಕ್ಷದವರೆಗೂ ಆಗುತ್ತದೆ. ಗಳಿಕೆಯ ಕನಿಷ್ಠ ಅರ್ಧವನ್ನು ಆದಾಯ ಅಂತ ತೋರಿಸಿದರೆ ಆಯಿತು. ಉಳಿದ ಅರ್ಧ ಖರ್ಚೆಂದೇ ಲೆಕ್ಕ. ಅದರ ಮೇಲೆ ಕಾರ್ಡ್ ಖರ್ಚು ಅಂತ ಒಂದು ರೂಪಾಯಿಯನ್ನೂ ಬೇರೆಯಾಗಿ ಕಳೆಯುವಂತಿಲ್ಲ. ಲ್ಯಾಪ್‌ಟಾಪಿನ ಸವಕಳಿಯೂ (ಬಳಸಿ ಸವೆದದ್ದಕ್ಕೆ ವರ್ಷ ವರ್ಷ ಕಳೆಯುವ ಪಾಲು) ಅದರೊಳಗೇ ಬಂತು.

ಕೇಟರಿಂಗ್, ಅಂಗಡಿಯಂಥ ವ್ಯಾಪಾರಕ್ಕೆ 44ಎಡಿ. ಅದರಲ್ಲಿ ವಹಿವಾಟಿನ ಶೇ. 8 ಲಾಭ, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣಕ್ಕೆ ಶೇ. 6. ಮಿತಿ 2 ಕೋಟಿ, ನಗದು ಶೇ. 5 ಮೀರದಿದ್ದರೆ 3 ಕೋಟಿ. ಇದನ್ನು ಹಿಡಿದು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ವಾಪಸ್ ಬರುವಂತಿಲ್ಲ. 44ಎಡಿಎಗೆ ಆ ಕಟ್ಟು ಇಲ್ಲ.

ಒಂದು ಲೆಕ್ಕ ನೋಡಿ. ಗಳಿಕೆ 18 ಲಕ್ಷ, ಖರ್ಚು 11 ಲಕ್ಷ ಅಂತಿಟ್ಟುಕೊಳ್ಳಿ. 44ಎಡಿಎಯಲ್ಲಿ ಆದಾಯ 9 ಲಕ್ಷ, ನಿಜ ಲೆಕ್ಕದಲ್ಲಿ 7 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಸಿಗುವುದರಿಂದ ಎರಡರಲ್ಲೂ ತೆರಿಗೆ ಸೊನ್ನೆ. ಇಂಥವರು ಖರ್ಚಿನ ಪಟ್ಟಿ ಹಿಡಿದು ಒದ್ದಾಡಬೇಕಾಗಿಲ್ಲ. ಈಗ ಗಳಿಕೆ 40 ಲಕ್ಷ, ಖರ್ಚು 26 ಲಕ್ಷ ಅನ್ನಿ. 44ಎಡಿಎಯಲ್ಲಿ ಆದಾಯ 20 ಲಕ್ಷ, ಸೆಸ್ ಸೇರಿ ತೆರಿಗೆ 2,08,000 ರೂ. ನಿಜ ಲೆಕ್ಕದಲ್ಲಿ ಆದಾಯ 14 ಲಕ್ಷ, ತೆರಿಗೆ 93,600 ರೂ. ವ್ಯತ್ಯಾಸ 1,14,400 ರೂ. ಆದರೆ ಹೀಗೆ ಅರ್ಧಕ್ಕಿಂತ ಕಡಿಮೆ ತೋರಿಸಿದರೆ ಲೆಕ್ಕಪುಸ್ತಕ ಇಡಬೇಕು, ಆಡಿಟ್ ಮಾಡಿಸಬೇಕು. ಆಡಿಟ್ ಫೀಸು ಕಳೆದ ಮೇಲೂ ಉಳಿತಾಯ ಇದೆಯೇ ಅಂತ ಸಿಎ ಹತ್ತಿರ ಕೂತು ಕೂಡಿ ಕಳೆದು ನೋಡಿ.

ಇನ್ನೊಂದು ತಪ್ಪು ಕಲ್ಪನೆ ಇದೆ. ಹೊಸ ಪದ್ಧತಿ ಆರಿಸಿದರೆ ಯಾವ ಕಡಿತವೂ ಇಲ್ಲ ಅಂತ. ಹೋಗುವುದು 80ಸಿ, 80ಡಿಯಂಥವು, ಅಂದರೆ ಉಳಿತಾಯ, ಆರೋಗ್ಯ ವಿಮೆಯ ಕಡಿತಗಳು. ಉದ್ಯೋಗಕ್ಕಾಗಿ ಮಾಡಿದ ಖರ್ಚು ಎರಡೂ ಪದ್ಧತಿಯಲ್ಲಿ ಕಳೆಯುತ್ತದೆ. ಲಾಭ ಅಂದರೇನೇ ಖರ್ಚು ಕಳೆದು ಉಳಿದದ್ದು ಅಲ್ವಾ?

ಒಂದು ಕಾರ್ಡನ್ನು ಕೆಲಸಕ್ಕೇ ಬಿಟ್ಟುಬಿಡಿ

ಕಾರ್ಡಿನ ಮೇಲೆ "ಬಿಸಿನೆಸ್" ಅಂತ ಅಚ್ಚಾಗಿರಲೇಬೇಕು ಅಂತ ತೆರಿಗೆ ಕಾನೂನು ಎಲ್ಲೂ ಹೇಳುವುದಿಲ್ಲ. ನಿಮ್ಮ ಹೆಸರಿನ ಸಾಮಾನ್ಯ ಕಾರ್ಡಿನಲ್ಲಿ ಪ್ಲೈವುಡ್ ಸ್ಯಾಂಪಲ್ ಕೊಂಡರೂ ಅದು ಕೆಲಸದ ಖರ್ಚೇ. ಬಿಸಿನೆಸ್ ಕಾರ್ಡಿನಲ್ಲಿ ಮಗಳ ಹುಟ್ಟುಹಬ್ಬದ ಕೇಕ್ ತಂದರೂ ಅದು ಮನೆ ಖರ್ಚೇ.

ಆದರೂ ಕಾರ್ಡ್ ಬೇರೆ ಇಡಿ. ಎರಡು ಕಾರ್ಡಿದ್ದರೆ ಒಂದನ್ನು ಪೂರ್ತಿ ಕೆಲಸಕ್ಕೆ ಕೊಡಿ. ಬಿಲ್ಲನ್ನು ಕೆಲಸದ ಖಾತೆಯಿಂದಲೇ ಕಟ್ಟಿ. ಕರೆಂಟ್ ಅಕೌಂಟ್ ತೆರೆಯುವ ಯೋಚನೆ ಇದ್ದರೆ ಬ್ಯಾಂಕಿನವರು ಇಲ್ಲಿ ಗುಮಾಸ್ತಾ (ಅಂಗಡಿ, ಸಂಸ್ಥೆಗಳ ಪರವಾನಗಿಗೆ ಇಲ್ಲಿನ ಹೆಸರು) ಅಥವಾ ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಕೇಳುತ್ತಾರೆ. ಮೊದಲೇ ಮಾಡಿಸಿಟ್ಟರೆ ಓಡಾಟ ಕಡಿಮೆ.

ಕಾರ್ಡಿನಿಂದ ಇನ್ನೊಂದು ಅನುಕೂಲವಿದೆ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಪೂರ್ತಿ ಹೊರಗೆ ಬೀಳುತ್ತದೆ. 40ಎ(3) ಅನ್ನುವುದು ಇದಕ್ಕೇ. ಯಂತ್ರ, ಪೀಠೋಪಕರಣ ಕೊಂಡಿದ್ದರೆ ಅದರ ಮೇಲೆ ಸವಕಳಿಯೂ ಸಿಗುವುದಿಲ್ಲ. ಲೋಹಾರ್ ಚಾಳಿನಲ್ಲಿ ಲೈಟು, ವೈರು ಕೊಳ್ಳುವಾಗ "ಕ್ಯಾಶ್ ಕೊಟ್ಟರೆ ಕಡಿಮೆ ಮಾಡ್ತೀನಿ, ಕಚ್ಚಾ ಬಿಲ್ ಕೊಡ್ತೀನಿ" ಅನ್ನುವ ಮಾತು ಕೇಳಿರುತ್ತೀರಿ. ನಾನು ಪಕ್ಕಾ ಬಿಲ್ಲು ಪಡೆದು ಕಾರ್ಡೇ ಕೊಡುತ್ತೇನೆ. ಆ ರಿಯಾಯಿತಿಗಿಂತ ತೆರಿಗೆಯಲ್ಲಿ ಕಳೆದುಕೊಳ್ಳುವುದು ಜಾಸ್ತಿ ಆಗಬಹುದು.

ಯಾವುದು ಕಳೆಯುತ್ತದೆ, ಯಾವುದು ಇಲ್ಲ

37(1) ಸೆಕ್ಷನ್ ಕೇಳುವುದು ಇಷ್ಟು: ಖರ್ಚು ಪೂರ್ತಿಯಾಗಿ, ಬರೀ ಉದ್ಯೋಗಕ್ಕಾಗಿಯೇ ಆಗಿರಬೇಕು. ಮನೆಯದ್ದಾಗಿರಬಾರದು. ಹಲವು ವರ್ಷ ಬಾಳುವ ಆಸ್ತಿ ಕೊಂಡದ್ದಾಗಿರಬಾರದು. ಕಾನೂನು ಮುರಿದದ್ದಕ್ಕೆ ಕಟ್ಟಿದ್ದಾಗಿರಬಾರದು.

ಡಿಸೈನ್ ಸಾಫ್ಟ್‌ವೇರಿನ ತಿಂಗಳ ಚಂದಾ, ಪ್ರಿಂಟ್, ಕೊರಿಯರ್, ಜಾಹೀರಾತು, ಸೈಟಿಗೆ ಹೋದ ಟ್ಯಾಕ್ಸಿ, ಸಿಎ ಫೀಸು ಎಲ್ಲ ಕಳೆಯುತ್ತದೆ. ಮಹಾರಾಷ್ಟ್ರದಲ್ಲಿ ಸ್ವಂತ ಉದ್ಯೋಗದವರು ವರ್ಷಕ್ಕೆ 2,500 ರೂ. ವೃತ್ತಿ ತೆರಿಗೆ ಕಟ್ಟಬೇಕು. ಅದೂ ಕಟ್ಟಿದ ವರ್ಷ ಕಳೆಯುತ್ತದೆ. ಇದನ್ನು ಮರೆಯುವವರು ತುಂಬಾ ಜನ.

ಟ್ರಾಫಿಕ್ ದಂಡ ಕಳೆಯುವುದಿಲ್ಲ. ನಿಮ್ಮ ಆದಾಯ ತೆರಿಗೆಯನ್ನೇ ಕಾರ್ಡಿನಲ್ಲಿ ಕಟ್ಟಿದ್ದರೆ ಅದೂ ಇಲ್ಲ. ಜೀವ ವಿಮೆ, ಮನೆಯವರ ಆರೋಗ್ಯ ವಿಮೆ ಉದ್ಯೋಗದ ಖರ್ಚಲ್ಲ. ಕ್ಲೈಂಟ್ ಜೊತೆ ಮಾಟುಂಗಾದಲ್ಲಿ ಕಾಫಿ, ತಿಂಡಿ ಆದರೆ ಬಿಲ್ಲಿನ ಹಿಂದೆ ಯಾರ ಜೊತೆ, ಯಾವ ಸೈಟಿನ ಮಾತು ಅಂತ ಬರೆದಿಡಿ. ಭಾನುವಾರ ಮನೆಮಂದಿಯೆಲ್ಲ ತಿಂದ ಬಿಲ್ಲನ್ನು ಇದರಲ್ಲಿ ಸೇರಿಸಬೇಡಿ. ಅಂಥ ಒಂದು ಬಿಲ್ಲು ಸಿಕ್ಕಿದರೆ ಸರಿಯಾದ ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ.

ಮನೆಗೂ ಕೆಲಸಕ್ಕೂ ಬಳಸುವುದನ್ನು ಪಾಲು ಮಾಡಿ. ಇಂಟರ್ನೆಟ್, ಮೊಬೈಲ್, ಕರೆಂಟು, ಮನೆಯ ಒಂದು ಕೋಣೆ ಆಫೀಸಾಗಿದ್ದರೆ ಬಾಡಿಗೆ, ಎಲ್ಲಕ್ಕೂ ಇದೇ ನಿಯಮ. ನನ್ನ 600 ಚದರಡಿ ಮನೆಯಲ್ಲಿ 120 ಚದರಡಿ ಕೆಲಸಕ್ಕಿದೆ. ಬಾಡಿಗೆ, ಕರೆಂಟಿನ ಐದನೇ ಒಂದು ಪಾಲು ಬರೆಯುತ್ತೇನೆ. ಯಾವ ಪಾಲು ಹಿಡಿದರೂ ಅದರ ಕಾರಣ ಬರೆದಿಡಿ, ವರ್ಷ ವರ್ಷ ಸುಮ್ನೆ ಬದಲಾಯಿಸಬೇಡಿ.

ಯಾವ ತಾರೀಖಿನ ಖರ್ಚು?

ಮೊದಲ ವರ್ಷ ನಾನೇ ಎಡವಿದ ಜಾಗ ಇದು. ಅಂಗಡಿಯ ಬಿಲ್ಲುಗಳನ್ನೆಲ್ಲ ಖರ್ಚಿಗೆ ಬರೆದಿದ್ದೆ. ಬ್ಯಾಂಕ್ ಖಾತೆಯಿಂದ ಕಾರ್ಡ್ ಬಿಲ್ಲು ಕಟ್ಟಿದ್ದನ್ನೂ ಖರ್ಚು ಅಂತಲೇ ಬರೆದಿದ್ದೆ. ಒಂದೇ ದುಡ್ಡು ಎರಡು ಸಲ. ಸಿಎ ಕಣ್ಣಿಗೆ ಬೀಳದೆ ಹೋಗಿದ್ದರೆ ತಪ್ಪು ರಿಟರ್ನ್ ಹೋಗುತ್ತಿತ್ತು.

ಹೀಗೆ ನೆನಪಿಡಿ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದ ದಿನ ಖರ್ಚು ಆಯಿತು, ಅಷ್ಟೇ ಮೊತ್ತ ನೀವು ಬ್ಯಾಂಕಿಗೆ ಸಾಲ. ಮುಂದಿನ ತಿಂಗಳು ಕಾರ್ಡ್ ಬಿಲ್ಲು ಕಟ್ಟಿದಾಗ ಆಗುವುದು ಸಾಲದ ತೀರುವಳಿ ಮಾತ್ರ. ಅದು ಖರ್ಚಲ್ಲ. ಲೆಕ್ಕಪುಸ್ತಕದಲ್ಲಿ ಕಾರ್ಡಿಗೆ ಒಂದು ಸಾಲದ ಖಾತೆ ಇಟ್ಟರೆ ಈ ಗೊಂದಲವೇ ಬರುವುದಿಲ್ಲ.

ವರ್ಷದ ಕೊನೆಯಲ್ಲಿ ಇದು ಮುಖ್ಯ. ಮಾರ್ಚ್ 25ಕ್ಕೆ ಕೊಂಡ ಸಾಮಾನು ಏಪ್ರಿಲ್ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ, ಮೇ ತಿಂಗಳಲ್ಲಿ ದುಡ್ಡು ಕಟ್ಟುತ್ತೀರಿ. ಬಾಕಿ ಆಧಾರದ ಲೆಕ್ಕ (ದುಡ್ಡು ಕಟ್ಟಿದ ದಿನವಲ್ಲ, ಖರ್ಚು ಆದ ದಿನವೇ ಬರೆಯುವುದು) ಇಡುವವರಿಗೆ ಅದು ಮಾರ್ಚಿಗೆ ಮುಗಿದ ವರ್ಷದ್ದೇ. ಆದ್ದರಿಂದ ಮಾರ್ಚ್ ಕೊನೆಗೆ ಹನ್ನೆರಡು ಸ್ಟೇಟ್‌ಮೆಂಟ್ ಸಾಲದು, ಏಪ್ರಿಲ್ ತಿಂಗಳದ್ದನ್ನೂ ತೆಗೆದು ಮಾರ್ಚ್ 31ರವರೆಗಿನ ಸಾಲುಗಳನ್ನು ಆರಿಸಿಕೊಳ್ಳಿ.

ವಾಪಸ್ ಕೊಟ್ಟ ಸಾಮಾನಿನ ಹಣ ಕಾರ್ಡಿಗೆ ಮರಳಿದರೆ ಖರ್ಚಿನಿಂದ ಕಳೆಯಿರಿ. ಕೆಲಸದ ಖರೀದಿಗೆ ಕ್ಯಾಶ್‌ಬ್ಯಾಕ್ ಬಂದಿದ್ದರೆ ಅದನ್ನೂ.

ಲ್ಯಾಪ್‌ಟಾಪು, ಇಎಂಐ ಮತ್ತು ಮಾರ್ಚ್ 31ರ ಅವಸರ

ಲ್ಯಾಮಿಂಗ್ಟನ್ ರೋಡಿನಲ್ಲಿ 90,000 ರೂ. ಲ್ಯಾಪ್‌ಟಾಪ್ ಕೊಂಡಿರಿ ಅನ್ನಿ. ಪೂರ್ತಿ 90,000 ಆ ವರ್ಷದ ಖರ್ಚಲ್ಲ. ಸವಕಳಿ ಅಂತ ಪ್ರತಿ ವರ್ಷ ಒಂದು ಪಾಲು. ಕಂಪ್ಯೂಟರಿಗೆ ಶೇ. 40, ಸಾಮಾನ್ಯ ಯಂತ್ರಗಳಿಗೆ ಶೇ. 15, ಪೀಠೋಪಕರಣಕ್ಕೆ ಶೇ. 10. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಡಿಸೆಂಬರಿನಲ್ಲಿ ಕೊಂಡಿದ್ದರೆ ಶೇ. 20, ಅಂದರೆ 18,000 ರೂ. ಉಳಿದ 72,000ದ ಮೇಲೆ ಮುಂದಿನ ವರ್ಷ ಶೇ. 40, ಅಂದರೆ 28,800 ರೂ.

ಮಾರ್ಚ್ ಕೊನೆ ವಾರ "ಟ್ಯಾಕ್ಸ್ ಉಳಿಸೋಣ" ಅಂತ ಆನ್‌ಲೈನಿನಲ್ಲಿ ಆರ್ಡರ್ ಹಾಕುವವರನ್ನು ನೋಡಿದ್ದೇನೆ. ಬರೀ ಕೊಂಡರೆ ಆಗಲಿಲ್ಲ, ಆ ವರ್ಷದೊಳಗೆ ಅದು ಕೆಲಸಕ್ಕೆ ಬಂದಿರಬೇಕು. ಮಾರ್ಚ್ 30ಕ್ಕೆ ದುಡ್ಡು ಹೋಗಿ, ಪೆಟ್ಟಿಗೆ ಏಪ್ರಿಲ್ 2ಕ್ಕೆ ಬಂದರೆ ಆ ವರ್ಷ ಸವಕಳಿ ಏನೂ ಇಲ್ಲ.

ಇಎಂಐ ಮಾಡಿಸಿದ್ದರೆ ಕಂತುಗಳನ್ನು ಖರ್ಚು ಅಂತ ಬರೆಯಬೇಡಿ. ಲ್ಯಾಪ್‌ಟಾಪಿನ ಪೂರ್ತಿ ಬೆಲೆ ಮೊದಲ ದಿನವೇ ಆಸ್ತಿಗೆ ಹೋಗುತ್ತದೆ. ಕಂತಿನಲ್ಲಿರುವ ಬಡ್ಡಿ, ಪ್ರೊಸೆಸಿಂಗ್ ಫೀಸು, ಅದರ ಜಿಎಸ್‌ಟಿ ಮಾತ್ರ ಆಯಾ ತಿಂಗಳ ಖರ್ಚು.

ಬಡ್ಡಿ, ಫೀಸು, ಡಾಲರ್ ಬಿಲ್ಲು

ಕೆಲಸಕ್ಕೇ ಇಟ್ಟ ಕಾರ್ಡಿನ ವಾರ್ಷಿಕ ಶುಲ್ಕ ಪೂರ್ತಿ ಕಳೆಯುತ್ತದೆ. ಎರಡಕ್ಕೂ ಬಳಸುವ ಕಾರ್ಡಾದರೆ ಪಾಲು ಮಾಡಬೇಕು. ಬಡ್ಡಿಗೂ ಅದೇ. 60,000ದ ಬಾಕಿಯಲ್ಲಿ ಕೆಲಸದ್ದು 45,000 ಇದ್ದರೆ ಮುಕ್ಕಾಲು ಪಾಲು. ಬಡ್ಡಿ 1,800, ಅದರ ಮೇಲೆ ಶೇ. 18 ಜಿಎಸ್‌ಟಿ 324, ಒಟ್ಟು 2,124. ಖರ್ಚಿಗೆ ಬರೆಯುವುದು 1,593 ರೂ.

ಕಳೆಯುತ್ತದೆ ಅಂತ ಬಾಕಿ ಉಳಿಸಿಕೊಳ್ಳಬೇಡಿ, ದಯವಿಟ್ಟು. ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ ವರ್ಷಕ್ಕೆ ಶೇ. 42. ಶೇ. 30ರ ತೆರಿಗೆ ಕಟ್ಟುವವರಿಗೂ 100 ರೂ. ಬಡ್ಡಿಯಲ್ಲಿ ಉಳಿಯುವುದು ಸುಮಾರು 30 ರೂ. ಮಿಕ್ಕಿದ್ದು ಕೈಯಿಂದಲೇ ಹೋಗುತ್ತದೆ.

ಹೊರದೇಶದ ಸಾಫ್ಟ್‌ವೇರಿಗೆ ಡಾಲರಿನಲ್ಲಿ ಕಟ್ಟಿದ್ದರೆ ಕಾರ್ಡಿನಲ್ಲಿ ರೂಪಾಯಿಯಾಗಿ ಬಂದ ಮೊತ್ತ ಬರೆಯಿರಿ. ಕೆಳಗೆ ಬೇರೆ ಸಾಲಿನಲ್ಲಿ ಬರುವ ವಿನಿಮಯ ಶುಲ್ಕ ಮತ್ತು ಅದರ ಜಿಎಸ್‌ಟಿಯೂ ಖರ್ಚೇ. ಇನ್‌ವಾಯ್ಸ್ ಆ ಕಂಪನಿಯ ಖಾತೆಯೊಳಗೆ ಹೋಗಿ ಇಳಿಸಿಕೊಳ್ಳಬೇಕಾಗುತ್ತದೆ.

ಕ್ಲೈಂಟ್ ಪರವಾಗಿ ಉಜ್ಜಿದ ಕಾರ್ಡು

ನನ್ನ ಕಸುಬಿನಲ್ಲಿ ದೊಡ್ಡ ತೊಡಕು ಇದೇ. ಕೇಟರಿಂಗಿನವರಿಗೂ, ಕಾರ್ಯಕ್ರಮ ನಡೆಸಿಕೊಡುವವರಿಗೂ ಹೀಗೇ ಆಗುತ್ತದೆ. ಕ್ಲೈಂಟ್ ಜೊತೆ ಅಂಗಡಿಗೆ ಹೋಗಿ ಟೈಲ್ಸ್ ಆರಿಸುತ್ತೇವೆ. "ನೀವೇ ಕೊಟ್ಟುಬಿಡಿ ಮೇಡಂ, ಆಮೇಲೆ ಟ್ರಾನ್ಸ್‌ಫರ್ ಮಾಡ್ತೀನಿ" ಅನ್ನುತ್ತಾರೆ. 85,000 ರೂ. ನಮ್ಮ ಕಾರ್ಡಿನಲ್ಲಿ ಹೋಗುತ್ತದೆ.

ಇದು ನಮ್ಮ ಖರ್ಚೇ? ಬಿಲ್ಲು ಯಾರ ಹೆಸರಿನಲ್ಲಿದೆ ನೋಡಿ. ಕ್ಲೈಂಟ್ ಹೆಸರಿನಲ್ಲಿದ್ದು, ಅಷ್ಟೇ ಮೊತ್ತ ಅವರು ನಮಗೆ ವಾಪಸ್ ಕೊಟ್ಟರೆ, ಅದು ಕೈಗಡ ಕೊಟ್ಟು ತೆಗೆದುಕೊಂಡ ಹಾಗೆ. ನಮ್ಮ ಖರ್ಚೂ ಅಲ್ಲ, ಗಳಿಕೆಯೂ ಅಲ್ಲ. ಬಿಲ್ಲು ನಮ್ಮ ಹೆಸರಿನಲ್ಲಿದ್ದರೆ ಕಥೆ ಬೇರೆ. ಟೈಲ್ಸ್ ನಾವು ಕೊಂಡಂತೆ, ಅವರಿಗೆ ಮಾರಿದಂತೆ ಆಗುತ್ತದೆ. ಅವರು ಕೊಟ್ಟ 85,000 ನಮ್ಮ ಗಳಿಕೆಗೆ ಸೇರುತ್ತದೆ. 44ಎಡಿಎ ಹಿಡಿದಿದ್ದರೆ ಅದರ ಅರ್ಧ ನಮ್ಮ ಆದಾಯ ಅಂತ ಲೆಕ್ಕಕ್ಕೆ ಬರುತ್ತದೆ, ಒಂದು ರೂಪಾಯಿ ಲಾಭ ಇಲ್ಲದಿದ್ದರೂ! 50 ಲಕ್ಷದ ಮಿತಿ ಹತ್ತಿರವಾಗುತ್ತದೆ, ಜಿಎಸ್‌ಟಿ ನೋಂದಣಿಯ ಮಿತಿಯೂ.

ಹಾಗಾಗಿ ಅಂಗಡಿಯ ಕೌಂಟರಿನಲ್ಲೇ ನಿಂತು ಬಿಲ್ಲು ಕ್ಲೈಂಟ್ ಹೆಸರಿಗೆ ಮಾಡಿಸಿ. ಅವರು ಹಣ ಕಳಿಸುವಾಗ ನಮ್ಮ ಫೀಸಿನ ಜೊತೆ ಸೇರಿಸದೆ ಬೇರೆಯಾಗಿ ಕಳಿಸಲು ಹೇಳಿ. ಟ್ರಾನ್ಸ್‌ಫರಿನಲ್ಲಿ "ಟೈಲ್ಸ್, ಮುಲುಂಡ್ ಫ್ಲ್ಯಾಟ್" ಅಂತ ಒಂದು ಸಾಲು ಇದ್ದರೆ ಎರಡು ವರ್ಷ ಆದಮೇಲೂ ಗೊತ್ತಾಗುತ್ತದೆ.

ಇದು ಯಾಕೆ ಮುಖ್ಯ ಅಂತ ನನಗೆ ಅರಿವಾದದ್ದು ಎರಡು ಫ್ಲ್ಯಾಟಿನ ಕೆಲಸ ಒಟ್ಟಿಗೆ ಬಂದ ವರ್ಷ. ಒಂದು ಬ್ಯಾಂಕಿನ ನಿಮ್ಮ ಕಾರ್ಡುಗಳ ಬಿಲ್ಲಿಗೆಲ್ಲ ಸೇರಿ ವರ್ಷದಲ್ಲಿ ಒಟ್ಟು 10 ಲಕ್ಷ ಅಥವಾ ಹೆಚ್ಚು ಕಟ್ಟಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ನಗದಾಗಿ ಕಟ್ಟಿದರೆ 1 ಲಕ್ಷಕ್ಕೇ ತಿಳಿಸುತ್ತದೆ. ಇಲಾಖೆಯ ಪೋರ್ಟಲಿನಲ್ಲಿ ಎಐಎಸ್ (ನಮ್ಮ ವರ್ಷದ ವ್ಯವಹಾರಗಳ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿ) ತೆರೆದಾಗ ನನ್ನ ಹೆಸರಿನ ಮುಂದೆ 13 ಲಕ್ಷದ ಕಾರ್ಡ್ ಪಾವತಿ ಕಂಡಿತು. ನಾನು ತೋರಿಸಲಿದ್ದ ಆದಾಯ 8 ಲಕ್ಷ. ಗಳಿಸಿದ್ದಕ್ಕಿಂತ ಜಾಸ್ತಿ ಹೇಗೆ ಕಟ್ಟಿದೆ ಅಂತ ಯಾರಾದರೂ ಕೇಳಿದರೆ? ಅವತ್ತು ಎದೆ ಧಸಕ್ಕೆಂದಿತು. ಬಿಲ್ಲುಗಳು ಕ್ಲೈಂಟ್ ಹೆಸರಿನಲ್ಲಿದ್ದವು, ಅವರು ಕಳಿಸಿದ ಹಣದ ದಾಖಲೆ ಖಾತೆಯಲ್ಲಿತ್ತು. ಸಾಲು ಸಾಲಾಗಿ ಹೊಂದಿಸಿ ಒಂದು ಹಾಳೆ ಮಾಡಿಟ್ಟ ಮೇಲೆಯೇ ಸಮಾಧಾನ ಆಯಿತು. ರಿಟರ್ನ್ ಹಾಕುವ ಮೊದಲು ನೀವೂ ಎಐಎಸ್ ತೆರೆದು ನೋಡಿ.

ಜಿಎಸ್‌ಟಿ ಇರುವವರಿಗೆ

ನೋಂದಣಿ ಇಲ್ಲದಿದ್ದರೆ ಬಿಲ್ಲಿನ ಪೂರ್ತಿ ಮೊತ್ತವೇ ನಿಮ್ಮ ಖರ್ಚು, ಇದನ್ನು ಬಿಟ್ಟು ಮುಂದೆ ಹೋಗಿ. ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಬರಬೇಕು. ಕಾರ್ಡ್ ಚೀಟಿಯಿಂದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆಯುವುದು) ಸಿಗುವುದಿಲ್ಲ. ಮಾರಿದವರು ಸಲ್ಲಿಸಿದ ಮೇಲೆ ನಿಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ಲು ಕಾಣಬೇಕು. ಕ್ರೆಡಿಟ್ ತೆಗೆದುಕೊಂಡ ತೆರಿಗೆಯನ್ನು ಮತ್ತೆ ಆದಾಯ ತೆರಿಗೆಯಲ್ಲಿ ಖರ್ಚು ಅಂತ ಬರೆಯಬಾರದು. 11,800ರ ಬಿಲ್ಲಿನಲ್ಲಿ 1,800 ಕ್ರೆಡಿಟ್ ಪಡೆದರೆ ಖರ್ಚು 10,000. ಊಟ, ತಿಂಡಿಯ ಬಿಲ್ಲಿಗೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ, ಅಲ್ಲಿ ಪೂರ್ತಿ ಮೊತ್ತ ಖರ್ಚಿಗೆ ಹೋಗುತ್ತದೆ.

ತಿಂಗಳಿಗೊಂದು ಭಾನುವಾರ

ಸ್ಟೇಟ್‌ಮೆಂಟ್ ಬಂದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ನಾನು ಇದಕ್ಕೆ ಕೂರುತ್ತೇನೆ. ಮುಕ್ಕಾಲು ಗಂಟೆ ಸಾಕು. ಎಕ್ಸೆಲ್ ಹಾಳೆಯಲ್ಲಿ ತಾರೀಖು, ಅಂಗಡಿ, ಮೊತ್ತ, ಬಿಲ್ ನಂಬರ್, ಯಾವ ಸೈಟು, ಯಾತಕ್ಕೆ, ಕೆಲಸದ ಪಾಲು ಎಷ್ಟು ಅಂತ ಕಾಲಂಗಳಿವೆ. ಸ್ಟೇಟ್‌ಮೆಂಟಿನ ಒಂದೊಂದು ಸಾಲಿಗೂ ಬಿಲ್ಲು ಹುಡುಕಿ ಗುರುತು ಹಾಕುತ್ತೇನೆ. ಬಿಲ್ಲು ಸಿಗದ ಸಾಲಿಗೆ ಕೆಂಪು ಬಣ್ಣ. ಒಂದು ತಿಂಗಳ ಹಿಂದಿನ ಬಿಲ್ಲನ್ನು ಅಂಗಡಿಯವರು ಮತ್ತೆ ಕೊಡುತ್ತಾರೆ. ಹನ್ನೊಂದು ತಿಂಗಳ ಹಿಂದಿನದ್ದು ಕೇಳಿದರೆ ಸಿಗುವುದು ಕಷ್ಟ.

ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಇನ್ನೂ ಎಚ್ಚರವಾಗಿರಿ. ಸಣ್ಣ ಹಾರ್ಡ್‌ವೇರ್ ಅಂಗಡಿಯಲ್ಲಿ 240 ರೂ. ಸ್ಕ್ಯಾನ್ ಮಾಡಿ ಬಂದುಬಿಡುತ್ತೇವೆ. ಸ್ಟೇಟ್‌ಮೆಂಟಿನಲ್ಲಿ ಅಂಗಡಿ ಮಾಲೀಕರ ಹೆಸರು ಬರುತ್ತದೆ, ಕೆಲಸಕ್ಕೆ ಮೊಳೆ ಕೊಂಡಿರೋ ಮನೆಗೆ ಏನಾದರೂ ಕೊಂಡಿರೋ ಯಾರಿಗೂ ತಿಳಿಯುವುದಿಲ್ಲ. ಹಣ ಕಳಿಸುವಾಗಲೇ ಟಿಪ್ಪಣಿಯ ಜಾಗದಲ್ಲಿ "ಸ್ಕ್ರೂ, ಠಾಣೆ ಸೈಟ್" ಅಂತ ಬರೆಯಿರಿ.

ಈ ಹಾಳೆ ಇದ್ದರೆ ಮುಂಗಡ ತೆರಿಗೆಯೂ ಸುಲಭ. ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15ರ ಕಂತುಗಳಿಗೆ ಲಾಭದ ಅಂದಾಜು ಕೈಯಲ್ಲೇ ಇರುತ್ತದೆ. 44ಎಡಿ, 44ಎಡಿಎಯವರು ಪೂರ್ತಿಯನ್ನು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ನಿಜ ಲೆಕ್ಕದ ಖರ್ಚು ಕಳೆಯುವವರ ಫಾರ್ಮ್ ಐಟಿಆರ್-3. 44ಎಡಿ, 44ಎಡಿಎ ಹಿಡಿದವರದ್ದು ಸಾಮಾನ್ಯವಾಗಿ ಐಟಿಆರ್-4.

ರಿಟರ್ನ್ ಹಾಕಿದ ಮೇಲೆ ಬಿಲ್ಲುಗಳನ್ನು ರದ್ದಿಗೆ ಹಾಕಬೇಡಿ. ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ (ಗಳಿಸಿದ ವರ್ಷದ ಮುಂದಿನ ವರ್ಷ) ಮುಗಿದ ಮೇಲೂ ಆರು ವರ್ಷ ಇಡಬೇಕು. ಕಾರ್ಡ್ ಮೆಷಿನ್ನಿನ ಚೀಟಿ, ಎಷ್ಟೋ ಅಂಗಡಿಗಳ ಬಿಲ್ಲು ಬಿಸಿಗೆ ಮೂಡುವ ಕಾಗದದ್ದು, ಕೆಲವೇ ತಿಂಗಳಲ್ಲಿ ಅಕ್ಷರ ಮಾಯ. ಮೇಲಿಂದ ನಮ್ಮ ಮಳೆಗಾಲದ ತೇವ. ಅದಕ್ಕೇ ಬಿಲ್ಲು ಕೈಗೆ ಬಂದ ದಿನವೇ ಫೋಟೋ ತೆಗೆದು ಎರಡು ಕಡೆ ಉಳಿಸುತ್ತೇನೆ. ಕಾಗದದ ಬಿಲ್ಲುಗಳು ಜೂನ್ ಬರುವ ಮೊದಲೇ ಪ್ಲಾಸ್ಟಿಕ್ ಕವರಿನೊಳಗೆ ಸೇರುತ್ತವೆ. 2025–26ರ ಕವರಿನ ಮೇಲೆ ದಪ್ಪ ಪೆನ್ನಿನಲ್ಲಿ "2033 ಮಾರ್ಚ್ 31ರವರೆಗೆ" ಅಂತ ಬರೆದಿದ್ದೇನೆ.